ಆನೆಕಾಲಿಗೆ ಗೀರು ಹಾಕಿಸಬೇಡಿ

ಆನೆಕಾಲು ರೋಗದವರ ಕಾಲಿನಿಂದ ‘ಕೆಟ್ಟ ನೀರು’ ತೆಗೆಯುತ್ತೇವೆನ್ನುವವರ ಬಳಿ ದಯವಿಟ್ಟು ಹೋಗಬೇಡಿ. ಅಂಥ ಒಬ್ಬರು ನನ್ನ ಚಿಕ್ಕಪ್ಪನ ಕಾಲನ್ನು ಬಿಸಿ ಎಣ್ಣೆಯಿಂದ ಬಲವಾಗಿ ತಿಕ್ಕಿ, ಮೀನಖಂಡದ ಮೇಲೆ ಬ್ಲೇಡಿನಿಂದ ಗೀರುಗಳನ್ನೆಳೆದು, ಒಸರಿದ ದ್ರವವನ್ನು ತೋರಿಸಿ ರೋಗವೇ ಹೊರಬಂದಿತೆಂದು ನಂಬಿಸಿದರು. ಕೆಲವೇ ದಿನಗಳಲ್ಲಿ ಮೈ ನಡುಗಿಸುವ ಜ್ವರ ಬಂದು, ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ, ಕಾಲು ಕೆಂಪೇರಿ ಮುಟ್ಟಲಾಗದಷ್ಟು ನೋಯತೊಡಗಿತು. ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಕೊಟ್ಟ ಮೇಲೆ ಜ್ವರವೇನೋ ಇಳಿಯಿತು. ಆದರೆ ಊತ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ, ಪಾದದ ಚರ್ಮ ಇನ್ನಷ್ಟು ದಪ್ಪವಾಗಿ ಮಡಿಕೆಗಟ್ಟಿತು.

ಸೊಳ್ಳೆ ಕಡಿತದಿಂದ ದೇಹ ಸೇರುವ ಫೈಲೇರಿಯಾ ಹುಳುಗಳು, ಬಹುಪಾಲು ವುಚೆರೇರಿಯಾ ಬ್ಯಾಂಕ್ರಾಫ್ಟಿ, ದುಗ್ಧನಾಳಗಳಲ್ಲಿ (ಅಂಗಾಂಶಗಳ ನಡುವಿನ ದ್ರವವನ್ನು, ಅಂದರೆ ದುಗ್ಧರಸವನ್ನು, ರಕ್ತಕ್ಕೆ ಮರಳಿಸುವ ನಾಳಗಳು) ಸುಮಾರು 6ರಿಂದ 8 ವರ್ಷ ಬದುಕಿ ಆ ನಾಳಗಳನ್ನು ಕೆಡಿಸುತ್ತವೆ. ದುಗ್ಧರಸದ ಹರಿವು ಕುಂಠಿತವಾದ ಕಾಲಿಗೆ ರೋಗಾಣುಗಳನ್ನು ಎದುರಿಸುವ ಶಕ್ತಿ ಕಡಿಮೆಯಿರುವುದರಿಂದ, ಬೆರಳ ಸಂದಿನ ಕಣ್ಣಿಗೆ ಬೀಳದ ಬಿರುಕಿನಿಂದಲೂ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. ಹೀಗೆ ಮರುಕಳಿಸುವ ಸೋಂಕುಗಳೇ ಅಳಿದುಳಿದ ನಾಳಗಳನ್ನೂ ಹಾಳುಮಾಡಿ ಚರ್ಮವನ್ನು ಗಡುಸಾಗಿಸುತ್ತವೆ. ಬ್ಲೇಡಿನ ಗೀರಿನಿಂದ ಒಸರುವುದು ಅದೇ ದುಗ್ಧರಸ. ಅದು ಮತ್ತೆ ತುಂಬಿಕೊಳ್ಳುತ್ತದೆ, ಗಾಯ ಮಾತ್ರ ಉಳಿಯುತ್ತದೆ.

ಚಿಕ್ಕಪ್ಪ ಆ ಗೀರು ಹಾಕುವವರ ಬಳಿ ಹೋಗಲು ಹಗಲು ಹೊತ್ತಿನ ಒಂದು ರಕ್ತಪರೀಕ್ಷೆಯೂ ಕಾರಣ. ವರದಿಯಲ್ಲಿ ಹುಳುವಿಲ್ಲವೆಂದಿದ್ದರಿಂದ ವೈದ್ಯರಿಂದ ಪ್ರಯೋಜನವಿಲ್ಲವೆಂದು ಅವರಿಗನ್ನಿಸಿತು. ಬಹುತೇಕ ಪ್ರದೇಶಗಳಲ್ಲಿ ಈ ಹುಳುವಿನ ಮರಿಗಳು ರಕ್ತದಲ್ಲಿ ಹೇರಳವಾಗಿ ಕಾಣುವುದು ರಾತ್ರಿ 10ರಿಂದ 2ರ ನಡುವೆ. ಕಾಲು ಆಗಲೇ ದಪ್ಪಗಾಗಿದ್ದರೆ ಆಗಲೂ ಸಿಗದಿರಬಹುದು. ಹುಳುಗಳು ರಕ್ತಕ್ಕೆ ಬಿಡುವ ವಸ್ತುವನ್ನು ಹುಡುಕುವ ಪ್ರತಿಜನಕ (ಆಂಟಿಜೆನ್) ಪರೀಕ್ಷೆಗೆ ಈ ಹೊತ್ತಿನ ನಿರ್ಬಂಧವಿಲ್ಲ. ಈ ರೋಗಕ್ಕೆ ಕೊಡುವ ಡಿಇಸಿ (ಡೈಈಥೈಲ್‌ಕಾರ್ಬಮಜೀನ್) ಮಾತ್ರೆ ಮುಖ್ಯವಾಗಿ ಮರಿಗಳನ್ನು ಕೊಲ್ಲುತ್ತದೆ, ದೊಡ್ಡ ಹುಳುಗಳಲ್ಲಿ ಕೆಲವನ್ನಷ್ಟೇ. ಬಹುಕಾಲದ ಊತವನ್ನು ಅದು ಕರಗಿಸುವುದಿಲ್ಲ, ಹಾಗೆ ಮಾತು ಕೊಡುವವರನ್ನೂ ನಂಬಬೇಡಿ.

ಈಗ ಚಿಕ್ಕಪ್ಪನ ಚಿಕಿತ್ಸೆಯ ಮುಖ್ಯ ಭಾಗ ಸೋಪು ಮತ್ತು ನೀರು. ಕೇಳಿದವರಿಗೆ ಇದು ಚಿಕಿತ್ಸೆಯೆನ್ನಿಸುವುದಿಲ್ಲ, ಹಣ ಕೀಳುವವರಿಗೆ ಜಾಗ ಸಿಗುವುದೂ ಅಲ್ಲಿಯೇ. ದಿನವೂ ಕಾಲು ತೊಳೆದು, ಮಡಿಕೆ ಮತ್ತು ಬೆರಳ ಸಂದುಗಳನ್ನು ಒತ್ತಿ ಒರೆಸಿ ಪೂರ್ತಿ ಒಣಗಿಸಬೇಕು, ಬಿರುಕಿಗೂ ಶಿಲೀಂಧ್ರಕ್ಕೂ ಮುಲಾಮು ಹಚ್ಚಬೇಕು, ಕೂತಾಗ ಕಾಲನ್ನು ಎತ್ತರದಲ್ಲಿಟ್ಟು ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಜ್ವರದೊಂದಿಗೆ ಕಾಲು ಕೆಂಪಾದರೆ ವ್ಯಾಯಾಮವನ್ನೂ ಬಿಗಿಯಾದ ಪಟ್ಟಿಯನ್ನೂ ನಿಲ್ಲಿಸಿ, ತಣ್ಣೀರ ಬಟ್ಟೆ ಹಾಕಿ, ಅದೇ ದಿನ ವೈದ್ಯರಿಗೆ ತೋರಿಸಿ.