ರಿಲೇ ಉಜ್ಜುವುದಾ, ಬದಲಿಸುವುದಾ, ಬೈಪಾಸ್ ಮಾಡುವುದಾ?

ಮೆಲ್ಲಗೆ ಹಾಡು ಹಾಕಿದಾಗ ಎಡಗಡೆ ಸ್ಪೀಕರ್ ಸುಮ್ಮನಿರುತ್ತದೆ. ವಾಲ್ಯೂಮ್ ತಿರುಗಿಸಿದರೆ ಗರಗರ ಅಂದು ತಟ್ಟನೆ ಬರುತ್ತದೆ. ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಬೆಳಿಗ್ಗೆ ಮೈಸೂರು ಆಕಾಶವಾಣಿಯನ್ನು ಸಣ್ಣ ದನಿಯಲ್ಲಿ ಕೇಳುವವರಿಗೆ ಬೇಗ ಗೊತ್ತಾಗುತ್ತದೆ. ಜೋರಾಗಿ ಕೇಳುವವರಿಗೆ ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ತೊಂದರೆ ಹೆಚ್ಚಾಗಿ ಸ್ಪೀಕರ್ ರಿಲೇಯಲ್ಲಿ, ಅಂದರೆ ಸ್ಪೀಕರ್‌ಗೆ ಹೋಗುವ ದಾರಿಯನ್ನು ಕರೆಂಟಿನಿಂದ ಜೋಡಿಸಿ ಬಿಡಿಸುವ ಸ್ವಿಚ್‌ನಲ್ಲಿ ಇರುತ್ತದೆ. ಆನ್ ಮಾಡಿದ ಮೂರ್ನಾಲ್ಕು ಸೆಕೆಂಡಿಗೆ ಟಕ್ ಅನ್ನುತ್ತದಲ್ಲ, ಅದೇ. ಅದರೊಳಗಿನ ಬೆಳ್ಳಿ ಕಾಂಟ್ಯಾಕ್ಟ್ ಮೇಲೆ ವರ್ಷ ಕಳೆದಂತೆ ಕಪ್ಪು ಪದರ ಕೂರುತ್ತದೆ. 8 ಓಮ್ ಸ್ಪೀಕರ್‌ಗೆ 1 ಮಿಲಿವ್ಯಾಟ್ ಹೋಗುವಾಗ ಅಲ್ಲಿರುವುದು ಸುಮಾರು 90 ಮಿಲಿವೋಲ್ಟ್ ಮಾತ್ರ. ಅಷ್ಟು ಸಣ್ಣ ವೋಲ್ಟೇಜಿಗೆ ಆ ಪದರ ದಾಟಲು ಆಗುವುದಿಲ್ಲ. ವಾಲ್ಯೂಮ್ ಜಾಸ್ತಿ ಆದಾಗ ದಾಟುತ್ತದೆ.

ಮೊದಲು ಉಜ್ಜುವ ದಾರಿ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ರಿಲೇಯ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ ಕಾಂಟ್ಯಾಕ್ಟ್ ನಡುವೆ ಇಟ್ಟು, ಬೆರಳಲ್ಲಿ ಮೆಲ್ಲಗೆ ಒತ್ತಿ ಎಳೆದೆ. ಕಾಗದದ ಮೇಲೆ ಕಪ್ಪು ಗೆರೆ ಬಂತು. ಜೋಡಿಸಿದ ಮೇಲೆ ಎರಡೂ ಕಡೆ ಚೆನ್ನಾಗಿ ಕೇಳಿಸಿತು. ಆದರೆ ಕೆಲವೇ ತಿಂಗಳಲ್ಲಿ ಅದೇ ಗರಗರ ಮತ್ತೆ ಶುರು. ಒಳಗೆ ಕಿಡಿ ಹಾರಿ ಗುಳಿ ಬಿದ್ದಿದ್ದರೆ ಕಾಗದದಿಂದ ಏನೂ ಆಗುವುದಿಲ್ಲ. ಉಪ್ಪುಕಾಗದ ಹಾಕಿ ತಿಕ್ಕುವವರಿದ್ದಾರೆ, ದಯವಿಟ್ಟು ಬೇಡ. ಬೆಳ್ಳಿಯೇ ಸವೆದು ಹೋಗುತ್ತದೆ. ಹಾಗಾಗಿ ಉಜ್ಜುವುದನ್ನು ನಾನು ರಿಪೇರಿ ಅನ್ನುವುದಿಲ್ಲ. ತಪ್ಪು ರಿಲೇಯದೇ ಅಂತ ಖಚಿತ ಮಾಡಿಕೊಳ್ಳಲು ಅದು ಒಳ್ಳೆಯ ದಾರಿ, ಅಷ್ಟೇ.

ಬೈಪಾಸ್ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಒಂದು ರಿಪೇರಿ ಅಂಗಡಿಯಲ್ಲಿ "ತಂತಿ ಹಾಕಿ ನೇರ ಮಾಡ್ಬಿಡ್ತೀನಿ ಸಾರ್, ಇನ್ನು ತೊಂದ್ರೆನೇ ಇರಲ್ಲ" ಅಂದರು. ನಾನು ಒಪ್ಪಲಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದ ದಿನ ಡಿಸಿ (ಒಂದೇ ದಿಕ್ಕಿನ ಕರೆಂಟ್) ನೇರವಾಗಿ ಸ್ಪೀಕರ್‌ಗೆ ನುಗ್ಗಿ ಅದರ ಕಾಯಿಲ್ ಸುಟ್ಟು ಹಾಕುತ್ತದೆ. ಅದನ್ನು ತಡೆಯಲಿಕ್ಕೇ ಅಲ್ವಾ ರಿಲೇ ಇರುವುದು?

ಬದಲಿಸುವುದೇ ನನ್ನ ಆಯ್ಕೆ. ಆದರೆ ರಿಲೇ ತರುವಾಗ ಅದರ ಕಾಯಿಲ್ (ಕಾಂಟ್ಯಾಕ್ಟ್ ಎಳೆಯುವ ತಂತಿ ಸುರುಳಿ) ವೋಲ್ಟೇಜ್ ಒಂದನ್ನೇ ನೋಡಿದರೆ ಸಾಲದು. ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಕಾಯಿಲ್‌ಗೆ ಸರಣಿಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ. ಹೊಸ ಕಾಯಿಲ್‌ನ ಓಮ್ ಬೇರೆ ಆದರೆ ಅದಕ್ಕೆ ಸಿಗುವ ವೋಲ್ಟೇಜೂ ಬೇರೆ ಆಗುತ್ತದೆ. 24 ವೋಲ್ಟ್ ರಿಲೇ ಕೊಂಡರೂ ಅದು ಎಳೆಯದೆ, ಅಂದರೆ ಟಕ್ ಅನ್ನದೆ ಇರಬಹುದು. ಕಾಲುಗಳ ಜೋಡಣೆ ಮತ್ತು ಕಾಂಟ್ಯಾಕ್ಟ್‌ನ ಆಂಪಿಯರ್ ಕೂಡ ಹೊಂದಬೇಕು. ಮೈಸೂರಲ್ಲಿ ಸರಿಯಾದದ್ದು ಸಿಗದಿದ್ದಾಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದೆ. ಹಾಕಿದ ಮೇಲೆ ಸಣ್ಣ ದನಿಯಲ್ಲೂ ಎರಡು ಕಡೆ ಒಂದೇ ಸಮ.

ರಿಲೇ ಟಕ್ ಅನ್ನುವುದೇ ಇಲ್ಲ ಅಂದರೆ ಕಥೆ ಬೇರೆ. ಮೊದಲು ರಿಲೇಗೆ ಬರುವ ಮುಂಚಿನ ಜಾಗದಲ್ಲಿ ಡಿಸಿ ಅಳೆಯಿರಿ. ಹತ್ತಾರು ಮಿಲಿವೋಲ್ಟ್ ಮಾತ್ರ ಇದ್ದರೆ ಸರಿ. ವೋಲ್ಟ್‌ಗಟ್ಟಲೆ ಇದ್ದರೆ ರಿಲೇ ತನ್ನ ಕೆಲಸ ಮಾಡುತ್ತಿದೆ, ಅದನ್ನು ಮುಟ್ಟಬೇಡಿ.

ಪದೇ ಪದೇ ಟಕ್ ಟಕ್ ಅನ್ನುತ್ತಿದ್ದರೆ ಪವರ್ ಕಡೆ ನೋಡಿ. ಮಂಡ್ಯ ಹತ್ತಿರ ನಮ್ಮ ಭಾವನ ಊರಲ್ಲಿ ಹೀಗೇ ಆಗುತ್ತಿತ್ತು. ಪಂಪ್‌ಸೆಟ್ ಓಡುವ ಹೊತ್ತಲ್ಲಿ ಮನೆಯ ಪ್ಲಗ್‌ನಲ್ಲಿ 230 ಇರಬೇಕಾದದ್ದು 180ರ ಆಸುಪಾಸಿಗೆ ಇಳಿದಿತ್ತು. ಸ್ಟೆಬಿಲೈಸರ್ ಹಾಕಿದ ಮೇಲೆ ಆಂಪ್ ಬಿಚ್ಚುವ ಅಗತ್ಯವೇ ಬರಲಿಲ್ಲ. ಕರೆಂಟ್ ಸರಿಯಿದ್ದೂ ಹೀಗಾದರೆ ಸ್ಟ್ಯಾಂಡ್‌ಬೈ ಸಪ್ಲೈನ (ಆಫ್ ಇದ್ದಾಗಲೂ ಓಡುವ ಸಣ್ಣ ಪವರ್ ಭಾಗ) ಒಣಗಿದ ಕೆಪಾಸಿಟರ್ ಮೇಲೆ ನನ್ನ ಅನುಮಾನ.

ಫ್ಯೂಸ್ ಹೋದ ಆಂಪ್‌ಗೆ ಹೊಸ ಫ್ಯೂಸ್ ಹಾಕಿ ನೇರ ಆನ್ ಮಾಡುವುದಕ್ಕಿಂತ ಸೀರೀಸ್ ಬಲ್ಬ್ ಬೋರ್ಡ್ (ಕರೆಂಟ್ ಒಂದು ಬಲ್ಬ್ ದಾಟಿಯೇ ಆಂಪ್‌ಗೆ ಹೋಗುವ ಹಾಗೆ ಜೋಡಿಸಿದ್ದು) ಎಷ್ಟೋ ಮೇಲು. 60 ಅಥವಾ 100 ವ್ಯಾಟ್‌ನ ಹಳೇ ತಂತಿ ಬಲ್ಬೇ ಬೇಕು, ಎಲ್‌ಇಡಿ ಆಗುವುದಿಲ್ಲ. ಒಮ್ಮೆ ಬೆಳಗಿ ಮಂಕಾದರೆ ಸಾಮಾನ್ಯವಾಗಿ ಸರಿ. ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್. ಬಲ್ಬ್ ಇರುವಾಗ ವೋಲ್ಟೇಜ್ ಕಡಿಮೆ ಇರುವುದರಿಂದ ಒಳ್ಳೆಯ ರಿಲೇ ಕೂಡ ಎಳೆಯದೆ ಇರಬಹುದು. ಆಗ ರಿಲೇ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಶಾರ್ಟ್ ಇಲ್ಲ ಅಂತ ಖಾತ್ರಿಯಾದ ಮೇಲೆ ಬಲ್ಬ್ ತೆಗೆದು, ಡಿಸಿ ಇನ್ನೊಮ್ಮೆ ಅಳೆದು, ಮೊದಲು ಒಂದು ಹಳೇ ಸ್ಪೀಕರ್ ಜೋಡಿಸಿ ನೋಡಿ.