ಹೆಸರು ಹೊಂದಿಸೋಕೆ ಸೌಂಡೆಕ್ಸ್ ಸಾಕಾ?

ಸದಸ್ಯರ ಪಟ್ಟಿಯಲ್ಲಿ ಒಬ್ಬರೇ ಎರಡು ಸಲ ಸೇರಿದ್ದಾರಾ ಅಂತ ಹುಡುಕೋಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಪುಕ್ಕಟೆ ಸಿಗುವ ಸೌಂಡೆಕ್ಸ್ ಬಳಸಿದೆ; ಕೇಳೋಕೆ ಒಂದೇ ಥರ ಇರುವ ಹೆಸರುಗಳಿಗೆ ಒಂದೇ ಕೋಡ್ ಕೊಡೋಕೆ ನೋಡುವ ವಿಧಾನ ಇದು. ಐದಕ್ಕೆ ಎರಡು ಸ್ಟಾರ್.

ಇಂಗ್ಲಿಷಲ್ಲಿ ಬರೆದ ಹೆಸರಿನ ಮೊದಲಕ್ಷರ ಇಟ್ಟುಕೊಂಡು, ಸ್ವರ ಕೈಬಿಟ್ಟು, ಮಿಕ್ಕ ವ್ಯಂಜನಗಳಿಂದ ಮೂರು ಅಂಕಿ ಸೇರಿಸಿ ಕೋಡ್ ಮಾಡುತ್ತದೆ. ಲಕ್ಷ್ಮಿಯನ್ನು ಕೆಎಸ್‌ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಎಲ್250. ಇಲ್ಲಿಯವರೆಗೆ ಸೊಗಸು. ಆದರೆ ನಮ್ಮ ವಿಶ್ವನಾಥ ಬಂಗಾಳದಲ್ಲಿ ಬಿಶ್ವನಾಥ ಅಲ್ವಾ, ಇದು ಒಬ್ಬನಿಗೆ ವಿ253, ಇನ್ನೊಬ್ಬನಿಗೆ ಬಿ253 ಕೊಟ್ಟು ಬೇರೆ ಮಾಡಿಬಿಡುತ್ತದೆ. ತಮಾಷೆ ಅಂದ್ರೆ ವಸಂತ್ ಕೂಡ ವಿ253! ಅಂದರೆ ಇದರ ಲೆಕ್ಕದಲ್ಲಿ ವಸಂತ್, ವಿಶ್ವನಾಥ್ ಇಬ್ಬರೂ ಒಂದೇ. ಇನಿಷಿಯಲ್ ಮುಂದಿದ್ದರೆ ಅದನ್ನೇ ಮೊದಲಕ್ಷರ ಅಂದುಕೊಳ್ಳುತ್ತದೆ, ತಮಿಳು ಹೆಸರುಗಳ ಗತಿ ಕೇಳಬೇಡಿ.

1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ವಿಧಾನ, ಅಲ್ಲಿನ ಹೆಸರುಗಳಿಗೆ ಹೊಲಿದ ಅಂಗಿ. ಕನ್ನಡ ಲಿಪಿ ಕೊಟ್ಟರಂತೂ ಕೈಚೆಲ್ಲಿ ಕೂರುತ್ತದೆ.

ಪೂರ್ತಿ ದಂಡ ಅಲ್ಲ. ಇನಿಷಿಯಲ್ ತೆಗೆದು, ಮೊದಲಕ್ಷರದ ವಿ-ಬಿ ಎರಡನ್ನೂ ಒಂದೇ ಮಾಡಿ ಓಡಿಸಿದರೆ ಅನುಮಾನದ ಪಟ್ಟಿ ಸಿಗುತ್ತದೆ. ಆಮೇಲೆ ಹುಟ್ಟಿದ ತಾರೀಕು, ತಂದೆ ಹೆಸರು ಕಣ್ಣಾರೆ ನೋಡಿ. ಸುಮ್ನೆ ಕೋಡ್ ನಂಬಿ ಎರಡು ದಾಖಲೆ ಸೇರಿಸಬೇಡಿ, ಮತ್ತೆ ಬಿಡಿಸೋದು ದೊಡ್ಡ ತಲೆನೋವು.