ರೊಕ್ಕ ಹಾಕದೆ ಕಟ್ಟಿದ ಮೂರು ಡೆಕ್

ಹಾರ್ತ್‌ಸ್ಟೋನ್ ಎಂಬ ಕಾರ್ಡ್ ಆಟದಲ್ಲಿ ಒಂದು ಲೆಜೆಂಡರಿ, ಅಂದರೆ ಅತಿ ಅಪರೂಪದ, ಕಾರ್ಡ್ ಮಾಡಿಕೊಳ್ಳಲು 1600 ಡಸ್ಟ್ ಬೇಕು. ಡಸ್ಟ್ ಎಂದರೆ ಬೇಡದ ಕಾರ್ಡ್ ಮುರಿದರೆ ಸಿಗುವ, ಬೇಕಾದದ್ದನ್ನು ಕಟ್ಟಲು ಬಳಸುವ ಪುಡಿ. ಕಾಮನ್ ಕಾರ್ಡಿಗೆ 40, ರೇರ್‌ಗೆ 100. ಅದೇ 1600ರಲ್ಲಿ 20 ಕಾಮನ್, 8 ರೇರ್ ಬರುತ್ತವೆ. ಒಟ್ಟು 28 ಕಾರ್ಡ್. ಡೆಕ್ಕಿಗೆ, ಅಂದರೆ ಆಡಲು ಹಿಡಿಯುವ ಕಾರ್ಡುಗಳ ಕಟ್ಟಿಗೆ, ಬೇಕಾದದ್ದೇ 30. ಉಳಿದೆರಡನ್ನು ಪುಕ್ಕಟೆ ಸಿಗುವ ಕೋರ್ ಸೆಟ್‌ನಿಂದ ತಗೊಂಡರೆ ಡೆಕ್ ತಯಾರ್. ನಾಲ್ಕನೇ ಇಯತ್ತೆಯ ಹುಡುಗನೂ ಮಾಡಬಹುದಾದ ಈ ಲೆಕ್ಕವನ್ನು ನಾನು ಮಾಡಿದ್ದು, ನನ್ನ ಮೊದಲ 1600 ಡಸ್ಟನ್ನು ಒಂದೇ ಒಂದು ಡ್ರ್ಯಾಗನ್ನಿನ ಮೇಲೆ ಸುರಿದಾದ ಮೇಲೆ.

ಮನೆ ಬೆಳಗಾವಿಯ ಟಿಳಕವಾಡಿ, ಕೆಲಸ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಇನ್‌ಸ್ಪೆಕ್ಷನ್ ಟೇಬಲ್ ಮುಂದೆ. ಈ ಆಟಗಳ ಹುಚ್ಚು ಹಚ್ಚಿದವನು ಅಣ್ಣನ ಮಗ. ಇಂಜಿನಿಯರಿಂಗ್ ಓದುತ್ತಾನೆ, ಅಥವಾ ಹಾಗಂತ ಅಣ್ಣ ನಂಬಿದ್ದಾನೆ. ಇಬ್ಬರ ನಡುವೆ ಒಂದು ಕರಾರು ಆಗಿತ್ತು: ಯಾವ ಆಟಕ್ಕೂ ಒಂದು ರೂಪಾಯಿ ಹಾಕುವಂತಿಲ್ಲ. ಕ್ವೆಸ್ಟ್ ಎಂದು ಆಟ ಕೊಡುವ ದಿನದ ಕೆಲಸ, ಗೆಲುವಿನ ಬಹುಮಾನ, ಆಟವೇ ಕೊಡುವ ಪ್ಯಾಕ್, ಇಷ್ಟರಲ್ಲೇ ಡೆಕ್ ಕಟ್ಟಬೇಕು, ಇಷ್ಟರಲ್ಲೇ ಸುಧಾರಿಸಬೇಕು. ಹೀಗೆ ಹಾರ್ತ್‌ಸ್ಟೋನ್, ಮ್ಯಾಜಿಕ್ ಅರೀನಾ, ಕ್ಲ್ಯಾಶ್ ರೊಯಾಲ್ ಮೂರನ್ನೂ ತಿಂಗಳುಗಟ್ಟಲೆ ಆಡಿದ್ದಾಯಿತು. ಯಾವ ಆಟ ಜಾಸ್ತಿ ದಾನ ಮಾಡುತ್ತದೆ ಎಂದು ನೋಡಲು ಹೊರಟಿದ್ದೆ. ನೋಡಬೇಕಾದದ್ದು ಅದಲ್ಲವಂತೆ. ತಪ್ಪು ಮಾಡಿದಾಗ ಯಾವ ಆಟ ಎಷ್ಟು ಮುರಿದುಕೊಳ್ಳುತ್ತದೆ ಎನ್ನುವುದೇ ಬರಿಗೈಯವನಿಗೆ ಮುಖ್ಯ.

ಡ್ರ್ಯಾಗನ್ನಿನ ಕತೆ ಮೊದಲು ಮುಗಿಸುತ್ತೇನೆ. ಒಂಬತ್ತು ಮಾನಾದ ಕಾರ್ಡ್ ಅದು; ಮಾನಾ ಎಂದರೆ ಕಾರ್ಡ್ ಆಡಲು ಖರ್ಚು ಮಾಡುವ ಶಕ್ತಿ. ಹಾರ್ತ್‌ಸ್ಟೋನ್‌ನಲ್ಲಿ ಸರದಿಗೊಂದರಂತೆ ಮಾನಾ ಏರುತ್ತದೆ, ಹತ್ತಕ್ಕೆ ನಿಲ್ಲುತ್ತದೆ. ಅಂದರೆ ಒಂಬತ್ತನೇ ಸರದಿಯವರೆಗೆ ನಾನು ಬದುಕಿರಬೇಕು. ನನ್ನ ಉಳಿದ 29 ಕಾರ್ಡುಗಳಿಗೆ ಅಷ್ಟು ಕಸುವು ಇರಲಿಲ್ಲ; ಆರನೇ ಸರದಿಗೆ ನನ್ನ ಕತೆ ಮುಗಿದಿರುತ್ತಿತ್ತು, ಡ್ರ್ಯಾಗನ್ ಕೈಯಲ್ಲೇ ಚಂದ ಕಾಣುತ್ತ ಕೂತಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಸಿಟ್ಟು ಬಂದು ಒಂದು ರಾತ್ರಿ ಅದನ್ನು ಮುರಿದು ಹಾಕಿದೆ. ಲೆಜೆಂಡರಿ ಮುರಿದರೆ ವಾಪಸ್ ಬರುವುದು 400. ಕಟ್ಟಲು 1600, ಮುರಿದರೆ 400. ಮೂರು ವಾರ ಕಳೆದಿರಲಿಲ್ಲ, ಆಟದ ಕಂಪನಿಯವರು ಅದೇ ಕಾರ್ಡಿನ ಬಲ ತಗ್ಗಿಸಿದರು, ಇದಕ್ಕೆ ನೆರ್ಫ್ ಅನ್ನುತ್ತಾರೆ. ಹಾಗೆ ಬಲ ತಗ್ಗಿಸಿದ ಕಾರ್ಡನ್ನು ಕೆಲವು ದಿನಗಳ ಮಟ್ಟಿಗೆ ಮುರಿದರೆ ಪೂರ್ತಿ 1600 ಸಿಗುತ್ತದೆ.

“ಕಾಕಾ, ಅದನ್ನ ಯಾಕ ಮುರದ್ರಿ? ನೆರ್ಫ್ ಆಗೂ ತನಕ ತಡಿಬೇಕಿಲ್ರೀ?” ಎಂದ ಹುಡುಗ.

“ಹಂಗ ಆಗತೈತಿ ಅಂತ ನನಗೇನ ಕನಸ ಬಿದ್ದಿತ್ತೇನಲೇ ತಮ್ಮಾ?”

ನಮ್ಮ ಫೌಂಡ್ರಿಯಲ್ಲಿ ಬ್ಲೋಹೋಲ್, ಅಂದರೆ ಗಾಳಿಯ ತೂತು, ಬಿದ್ದ ಕಾಸ್ಟಿಂಗ್ ಮತ್ತೆ ಫರ್ನೇಸಿಗೆ ಹೋಗುತ್ತದೆ. ಕಬ್ಬಿಣ ಬಹುಪಾಲು ವಾಪಸ್ ಬರುತ್ತದೆ, ಮೋಲ್ಡ್ ಮಾಡಿದವನ ಕೂಲಿ, ಕರಗಿಸಿದ ಕರೆಂಟು ವಾಪಸ್ ಬರುವುದಿಲ್ಲ. ಹಾರ್ತ್‌ಸ್ಟೋನ್ ಇದಕ್ಕಿಂತ ಬಿಗಿ. ಆಡಿ ಗಳಿಸಿದ ಆಟದ ನಾಣ್ಯ, ನೂರು ಗೋಲ್ಡ್, ಕೊಟ್ಟು ಐದು ಕಾರ್ಡಿನ ಒಂದು ಪ್ಯಾಕ್ ಒಡೆದಿರಿ ಎನ್ನಿ. ಅದೃಷ್ಟ ತೀರಾ ಕೆಟ್ಟಿದ್ದರೆ ನಾಲ್ಕು ಕಾಮನ್, ಒಂದು ರೇರ್. ಕಾಮನ್ ಮುರಿದರೆ 5, ರೇರ್ ಮುರಿದರೆ 20. ಎಲ್ಲ ಸೇರಿ 40. ಇಡೀ ಪ್ಯಾಕ್ ಕರಗಿಸಿದರೆ ಒಂದು ಕಾಮನ್ ಕಾರ್ಡ್! ಮುರಿಯುವ ಬಟನ್ ಇರುವುದೇ ನಮ್ಮಂಥ ಅವಸರದವರಿಗಾಗಿ ಎಂದು ನನಗೆ ಅನಿಸಿದ್ದು ಆಗ.

ಎರಡನೇ ಸಲ ಹಂಟರ್ ಎಂಬ ಹೀರೋನನ್ನು ಹಿಡಿದೆ. ಬಡವನಿಗೆ ಹಂಟರ್ ಒಳ್ಳೆಯದು, ಕಾರಣ ಅವನ ಹೀರೋ ಪವರ್: ಎರಡು ಮಾನಾ ಕೊಟ್ಟರೆ ಎದುರಾಳಿ ಹೀರೋಗೆ ನೇರ ಎರಡು ಪೆಟ್ಟು. ಕೈಯಲ್ಲಿ ಏನೂ ಇಲ್ಲದ ಸರದಿಯೂ ವ್ಯರ್ಥ ಆಗುವುದಿಲ್ಲ. ಎದುರಿನವನ ಜೀವ 30. ಸಣ್ಣ ಸಣ್ಣ ಪ್ರಾಣಿಗಳನ್ನು ಮೊದಲ ಸರದಿಯಿಂದಲೇ ಬಿಡುವುದು, ಅವನು ದೊಡ್ಡ ಕಾರ್ಡು ತೆಗೆಯುವ ಹೊತ್ತಿಗೆ ಜೀವವನ್ನು ಹತ್ತರೊಳಗೆ ತರುವುದು, ಉಳಿದದ್ದಕ್ಕೆ ಪವರ್ ಒತ್ತುತ್ತ ಹೋಗುವುದು. ಜಾಣತನದ ಆಟ ಎಂದು ಯಾರೂ ಹೊಗಳುವುದಿಲ್ಲ. ಗೆಲ್ಲುತ್ತದೆ.

ಸುಧಾರಣೆಗೆ ನನ್ನ ಕಸುಬನ್ನೇ ಬಳಸಿದೆ. ಟೇಬಲ್ ಮೇಲೆ ರಿಜೆಕ್ಷನ್ ರಜಿಸ್ಟರ್ ಇರುತ್ತದೆ. ಯಾವ ಪಾರ್ಟಿನಲ್ಲಿ ಯಾವ ದೋಷ ಎಷ್ಟು ಸಲ ಬಂತು, ಗೆರೆ ಎಳೆಯುವುದು. ಅದೇ ತರಹ ಡೈರಿಯ ಹಿಂದಿನ ಪುಟದಲ್ಲಿ ಡೆಕ್ಕಿನ ಕಾರ್ಡುಗಳ ಹೆಸರು ಬರೆದೆ. ಸೋತಾಗಲೆಲ್ಲ ಕೈಯಲ್ಲಿ ಆಡದೆ ಉಳಿದ ಕಾರ್ಡುಗಳ ಮುಂದೆ ಒಂದೊಂದು ಗೆರೆ. ಮೂವತ್ತು ಆಟ ಆದ ಮೇಲೆ ನೋಡಿದರೆ, ನಾನು ಬಹಳ ನೆಚ್ಚಿಕೊಂಡಿದ್ದ ಒಂದು ಐದು ಮಾನಾದ ಎಪಿಕ್ (ರೇರ್ ಮತ್ತು ಲೆಜೆಂಡರಿ ನಡುವಿನ ದರ್ಜೆ) ಮುಂದೆ ಒಂಬತ್ತು ಗೆರೆ. ಒಂದು ಮಾನಾದ, ಹೆಸರೂ ನೆನಪಿರದ ಕಾಮನ್ ಮುಂದೆ ಒಂದೂ ಇಲ್ಲ. ಎಪಿಕ್ ತೆಗೆದು ಎರಡು ಮಾನಾದ ರೇರ್ ಹಾಕಿದೆ. 100 ಡಸ್ಟಿನ ಖರ್ಚು. ಅಲ್ಲಿಯವರೆಗೆ ನಾನು ಮಾಡಿದ ಸುಧಾರಣೆಗಳಲ್ಲೇ ಅತಿ ಅಗ್ಗದ್ದು, ಅತಿ ಹೆಚ್ಚು ಗೆದ್ದು ಕೊಟ್ಟದ್ದು. ತೆಗೆದ ಎಪಿಕ್ಕನ್ನು ಮುರಿಯಲಿಲ್ಲ. ಪಾಠ ಕಲಿತಾಗಿತ್ತು.

ಹೊಸ ಸೆಟ್, ಅಂದರೆ ಹೊಸ ಕಾರ್ಡುಗಳ ಕಂತು, ಬಂದಾಗ ಮೊದಲ ಹತ್ತು ಪ್ಯಾಕಿನೊಳಗೆ ಒಂದು ಲೆಜೆಂಡರಿ ಖಾತ್ರಿ ಇರುತ್ತದೆ. ಅದಕ್ಕೆ ಪ್ರತಿ ಸೆಟ್ಟಿನಲ್ಲೂ ಸಾವಿರ ಗೋಲ್ಡ್ ಖರ್ಚು ಮಾಡಿ ಕೈ ಕಟ್ಟಿಕೊಳ್ಳುವುದು ಒಳ್ಳೆಯ ರೂಢಿ. ಹನ್ನೊಂದನೇ ಪ್ಯಾಕ್ ಕರೆಯುತ್ತದೆ, ಓಗೊಡಬಾರದು.

ಇನ್ನು ಮ್ಯಾಜಿಕ್. ಕಾಗದದ ಕಾರ್ಡಿನಲ್ಲಿ 1993ರಿಂದ ನಡೆದುಬಂದ ಆಟ. ಅರೀನಾ ಅದರ ಫೋನು-ಕಂಪ್ಯೂಟರ್ ರೂಪ. ಇಲ್ಲಿ ಡೆಕ್ 60 ಕಾರ್ಡಿನದು, ಒಂದೇ ಕಾರ್ಡಿನ ನಾಲ್ಕು ಪ್ರತಿ ಹಾಕಬಹುದು, ಜೀವ 20. ಮಾನಾ ತಾನಾಗಿ ಏರುವುದಿಲ್ಲ, ಲ್ಯಾಂಡ್ ಎಂಬ ಕಾರ್ಡನ್ನು ಕೈಗೆ ಬಂದಂತೆ ಇಳಿಸುತ್ತ ಹೋಗಬೇಕು. ಹಾರ್ತ್‌ಸ್ಟೋನ್‌ನಿಂದ ಬಂದವನಿಗೆ ಮೊದಲ ವಾರ ಇದು ಶಿಕ್ಷೆ. ಕೈಯಲ್ಲಿ ಒಳ್ಳೊಳ್ಳೆ ಕಾರ್ಡ್ ಹಿಡಿದು, ಲ್ಯಾಂಡ್ ಬಾರದೆ ಎದುರಿನವನ ಮುಖ ನೋಡುತ್ತ ಕೂರುವುದು.

ಇಲ್ಲಿ ಡಸ್ಟ್ ಇಲ್ಲ, ಯಾವ ಕಾರ್ಡನ್ನೂ ಮುರಿಯಲು ಬರುವುದಿಲ್ಲ. ಬದಲಿಗೆ ವೈಲ್ಡ್‌ಕಾರ್ಡ್. ರೇರ್ ವೈಲ್ಡ್‌ಕಾರ್ಡ್ ಒಂದಿದ್ದರೆ ಯಾವ ರೇರ್ ಬೇಕೋ ಅದರ ಒಂದು ಪ್ರತಿ. ನಾಲ್ಕು ಪ್ರತಿ ಬೇಕೆಂದರೆ ನಾಲ್ಕು ವೈಲ್ಡ್‌ಕಾರ್ಡ್. ಪ್ಯಾಕ್ ಒಡೆಯುತ್ತ ಹೋದಂತೆ ಪ್ರತಿ ಆರನೇ ಪ್ಯಾಕಿಗೆ ಒಂದು ರೇರ್ ವೈಲ್ಡ್‌ಕಾರ್ಡ್ ಖಾತ್ರಿ, ಪ್ರತಿ ಐದನೇ ಬಾರಿ ಅದರ ಬದಲು ಇನ್ನೂ ಅಪರೂಪದ ಮಿಥಿಕ್. ಪ್ಯಾಕಿನೊಳಗೇ ಒಂದು ಬಿದ್ದರೆ ಅದು ಮೇಲಿನ ಲಾಭ. ಪ್ಯಾಕಿಗೆ ಸಾವಿರ ಗೋಲ್ಡ್. ನಾನು ಆಡುತ್ತಿದ್ದಾಗ ದಿನದ ಮೊದಲ ಗೆಲುವಿಗೆ 250, ಮುಂದಿನ ಮೂರಕ್ಕೆ ನೂರು ನೂರು, ಜೊತೆಗೆ ಕ್ವೆಸ್ಟಿಗೆ 500 ಅಥವಾ 750. ಅಂದರೆ ನಾಲ್ಕು ಗೆಲುವು, ಒಂದು ಕ್ವೆಸ್ಟ್ ಆದರೆ ದಿನಕ್ಕೊಂದು ಪ್ಯಾಕ್. 500ರ ಕ್ವೆಸ್ಟ್ ಬಂದರೆ ದಿನಕ್ಕೊಮ್ಮೆ ಬದಲಿಸಿ 750ಕ್ಕೆ ಕೈಚಾಚಬಹುದು. ಹಾಗೆ ಮಾಡದವರು ರೊಕ್ಕವನ್ನು ಟೇಬಲ್ ಮೇಲೆ ಬಿಟ್ಟು ಎದ್ದು ಹೋದಂತೆ.

ಈ ಲೆಕ್ಕದಲ್ಲಿ ವಾರಕ್ಕೆ ಹತ್ತಿರ ಹತ್ತಿರ ಒಂದು ರೇರ್ ವೈಲ್ಡ್‌ಕಾರ್ಡ್. ವಾರಕ್ಕೊಂದೇ ಬರುವ ವಸ್ತುವನ್ನು ಮನುಷ್ಯ ಕಣ್ಣು ಮುಚ್ಚಿ ಖರ್ಚು ಮಾಡುವುದಿಲ್ಲ. ಖರ್ಚು ಮಾಡಿದರೆ ಮುಗಿಯಿತು, ನಾಲ್ಕನೇ ಒಂದು ಭಾಗವೂ ವಾಪಸಿಲ್ಲ. ಹಾರ್ತ್‌ಸ್ಟೋನ್ ನನಗೆ ತಪ್ಪು ಮಾಡಲು ಸಲಿಗೆ ಕೊಟ್ಟು ಆಮೇಲೆ ದಂಡ ಹಾಕಿತು. ಅರೀನಾ ಸಲಿಗೆಯನ್ನೇ ಕೊಡಲಿಲ್ಲ.

ನಾನು ಕಟ್ಟಿದ್ದು ಬರೀ ಕೆಂಪು ಬಣ್ಣದ ಡೆಕ್. ಕೆಂಪು ಮಾನಾ ಕೊಡುವ ಮೌಂಟನ್ ಲ್ಯಾಂಡುಗಳು ಪುಕ್ಕಟೆ, ಎಷ್ಟು ಬೇಕಾದರೂ ಹಾಕಿಕೊಳ್ಳಿ. ಬರ್ಸ್ಟ್ ಲೈಟ್ನಿಂಗ್‌ನಂಥ ಕಾಮನ್ ಕಾರ್ಡೇ ಒಂದು ಮಾನಾಕ್ಕೆ ಎರಡು ಪೆಟ್ಟು ಹೊಡೆಯುತ್ತದೆ; ಆಟ ಉದ್ದವಾಗಿ ಇನ್ನೂ ನಾಲ್ಕು ಮಾನಾ ಸೇರಿಸಿದರೆ ನಾಲ್ಕು. ಅಣ್ಣನ ಮಗ ನೀಲಿ-ಕೆಂಪು ಎರಡು ಬಣ್ಣ ಹಿಡಿದ. ಎರಡು ಬಣ್ಣಕ್ಕೆ ಎರಡೂ ಮಾನಾ ಕೊಡುವ ಲ್ಯಾಂಡ್ ಬೇಕು. ಅವುಗಳಲ್ಲಿ ಚುರುಕಾದವೆಲ್ಲ ಹೆಚ್ಚೂಕಡಿಮೆ ರೇರ್. ಅಗ್ಗದವು ಬೋರ್ಡಿಗೆ ಇಳಿಯುವಾಗಲೇ ಅಡ್ಡ ಮಲಗಿ ಇಳಿಯುತ್ತವೆ, ಆ ಸರದಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಲೆ ಕುಂದಾ ಬಡಿಸಿಕೊಂಡು, ಇಬ್ಬರೂ ಎದುರಾ ಬದುರಾ ಆಡಿದೆವು. ಎರಡನೇ ಸರದಿಗೆ ಅವನ ಲ್ಯಾಂಡ್ ಮಲಗಿ ಇಳಿಯಿತು. ಮೂರನೆಯದಕ್ಕೂ ಅದೇ. ಅವನ ಕೈಯಲ್ಲಿ ನನ್ನ ಇಡೀ ಡೆಕ್ಕಿಗಿಂತ ತುಟ್ಟಿಯಾದ ಎರಡು ಮಿಥಿಕ್ ಇದ್ದವು, ಆಮೇಲೆ ತೋರಿಸಿದ. ಐದನೇ ಸರದಿಗೆ ಅವನ ಜೀವ ಸೊನ್ನೆ.

“ನಿಮ್ಮ ಡೆಕ್ ಭಾಳ ಹಳ್ಳಿ ಡೆಕ್ ಐತ್ರೀ ಕಾಕಾ.”

“ಕುಂದಾ ತಿನ್ನು, ಆರತೈತಿ.”

ಅವನ ತಪ್ಪು ಮಿಥಿಕ್ ಕಟ್ಟಿದ್ದಲ್ಲ, ಲ್ಯಾಂಡಿಗೆ ಮೊದಲು ಮಿಥಿಕ್ ಕಟ್ಟಿದ್ದು. ಎರಡನೇ ಬಣ್ಣ ಸೇರಿಸುವವರು ಮೊದಲ ಎಂಟು ರೇರ್ ವೈಲ್ಡ್‌ಕಾರ್ಡುಗಳನ್ನು ನೋಡಲು ಚಂದವಿಲ್ಲದ ಲ್ಯಾಂಡುಗಳ ಮೇಲೆ ಹಾಕಬೇಕು. ಬೇಜಾರಿನ ಖರ್ಚು. ಆದರೆ ಆ ಬಣ್ಣಗಳ ಯಾವ ಡೆಕ್ ಕಟ್ಟಿದರೂ ಅವು ಮತ್ತೆ ಕೆಲಸಕ್ಕೆ ಬರುತ್ತವೆ.

ಕ್ಲ್ಯಾಶ್ ರೊಯಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ನಾನು ಆಡಿದ್ದು ಬಹುತೇಕ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ. ಗೇಟು ಬಿದ್ದರೆ ಗಾಡಿ ಬಂದ್ ಮಾಡಿ ಒಂದು ಆಟ. ಮೂರು ನಿಮಿಷದ ಆಟ, ಸಮ ಆದರೆ ಇನ್ನಷ್ಟು. ಒಂದೊಂದು ಸಲ ಗೇಟು ಎದ್ದು ಹಿಂದಿನವರು ಹಾರ್ನ್ ಹೊಡೆಯುವಾಗ ನನ್ನ ಟವರ್ ಬೀಳುತ್ತಿರುತ್ತಿತ್ತು. ಡೆಕ್ ಎಂಟೇ ಕಾರ್ಡಿನದು. ಬಡವರ ಡೆಕ್ ಎಂದರೆ ಹಾಗ್ 2.6: ಹಾಗ್ ರೈಡರ್, ಮಸ್ಕಿಟಿಯರ್, ಫೈರ್‌ಬಾಲ್ ತಲಾ ನಾಲ್ಕು ಎಲಿಕ್ಸಿರ್ (ಈ ಆಟದ ಮಾನಾ), ಕ್ಯಾನನ್ ಮೂರು, ಐಸ್ ಗೋಲೆಮ್ ಮತ್ತು ಲಾಗ್ ಎರಡೆರಡು, ಐಸ್ ಸ್ಪಿರಿಟ್ ಮತ್ತು ಸ್ಕೆಲಿಟನ್ಸ್ ಒಂದೊಂದು. ಒಟ್ಟು 21, ಎಂಟರಿಂದ ಭಾಗಿಸಿದರೆ 2.6. ಲಾಗ್ ಒಂದೇ ಲೆಜೆಂಡರಿ.

ಆದರೆ ಇಲ್ಲಿ ಕಾರ್ಡ್ ಸಿಕ್ಕರೆ ಸಾಲದು, ಅದರ ಲೆವೆಲ್ ಏರಿಸಬೇಕು. ಅದಕ್ಕೆ ಅದೇ ಕಾರ್ಡಿನ ಪ್ರತಿಗಳೂ ಬೇಕು, ಗೋಲ್ಡೂ ಬೇಕು. ನನ್ನ ಲಾಗ್ ಉರುಳಿ ಹೋದ ಮೇಲೂ ಲೆವೆಲ್‌ನಲ್ಲಿ ಎರಡು ಮೆಟ್ಟಿಲು ಮೇಲಿದ್ದ ಎದುರಿನವನ ಪ್ರಿನ್ಸೆಸ್ ಒಂದು ಚೂರು ಜೀವ ಹಿಡಿದುಕೊಂಡು ಬಾಣ ಬಿಡುತ್ತಲೇ ನಿಂತಿರುತ್ತಿದ್ದಳು. ಇದು ಆಟದ ಸೋಲಲ್ಲ, ಲೆವೆಲ್ಲಿನ ಸೋಲು. ಎಂಟು ಕಾರ್ಡು ಬಿಟ್ಟು ಒಂಬತ್ತನೆಯದರ ಮೇಲೆ ಗೋಲ್ಡ್ ಹಾಕಿದಿರೋ, ಎಂಟೂ ಕುಂಟುತ್ತವೆ. ಹುಡುಗ ಮೂರು ಡೆಕ್ಕಿಗೆ ಹಂಚಿ ಹಾಕಿದ, ಮೂರೂ ಅರ್ಧಕ್ಕೆ ನಿಂತವು. ಗೇಟಿನಲ್ಲಿ ಹೊತ್ತು ಕಳೆಯಲು ಈ ಆಟ ಸಾಕು. ಕಟ್ಟಿ ಸುಧಾರಿಸುವ ಖುಷಿ ನನಗೆ ಇದರಲ್ಲಿ ಸಿಗಲಿಲ್ಲ.

ಉಳಿದೆರಡರಲ್ಲಿ ಒಂದನ್ನೇ ಆರಿಸು ಎಂದರೆ ಅರೀನಾ, ಅದೂ ಒಂದೇ ಬಣ್ಣದ ಡೆಕ್. ಮುಖ್ಯ ಕಾರಣ ಬಾಳಿಕೆ. ಹಾರ್ತ್‌ಸ್ಟೋನ್‌ನ ಸ್ಟ್ಯಾಂಡರ್ಡ್, ಅಂದರೆ ಇತ್ತೀಚಿನ ಸೆಟ್ಟುಗಳಿಂದಷ್ಟೇ ಆಡುವ ಪದ್ಧತಿಯಲ್ಲಿ, ವರ್ಷಕ್ಕೊಮ್ಮೆ ಹಳೆಯ ಸೆಟ್ಟುಗಳು ಹೊರಬೀಳುತ್ತವೆ. ನನ್ನ ಹಂಟರಿನ ಅರ್ಧ ಪ್ರಾಣಿಗಳು ಒಂದೇ ದಿನ ಹೋದವು. ಮ್ಯಾಜಿಕ್‌ನ ಸ್ಟ್ಯಾಂಡರ್ಡ್‌ನಲ್ಲಿ ಸೆಟ್ಟಿಗೆ ಸುಮಾರು ಮೂರು ವರ್ಷ ಆಯುಷ್ಯ, ಮತ್ತು 2024ರ ನವೆಂಬರಿನಲ್ಲಿ ಬಂದ ಫೌಂಡೇಶನ್ಸ್ ಸೆಟ್ಟು ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೊದಲೇ ಹೇಳಿದ್ದಾರೆ. ವಾರಕ್ಕೊಂದು ವೈಲ್ಡ್‌ಕಾರ್ಡ್ ಸಂಪಾದಿಸುವವನು ಮೊದಲು ಹುಡುಕಬೇಕಾದ ಸೆಟ್ಟು ಅದು.

ಅರೀನಾದ ಕುಂದೂ ಇದೆ. ಫೋನಿನಲ್ಲಿ ಕಾರ್ಡಿನ ಅಕ್ಷರ ಓದಲು ನನ್ನ ವಯಸ್ಸಿಗೆ ಕನ್ನಡಕ ಮೇಲೆ ಕೆಳಗೆ ಮಾಡಬೇಕು. ಎದುರಿನವನು ಯೋಚನೆಗೆ ಕೂತರೆ ಒಂದು ಆಟಕ್ಕೆ ಕಾಲು ತಾಸು ಹಿಡಿಯುತ್ತದೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಹತ್ತು ನಿಮಿಷ ತಲೆ ಹಗುರ ಮಾಡಿಕೊಳ್ಳಬೇಕು ಎನ್ನುವ ರಾತ್ರಿ ಈಗಲೂ ನಾನು ತೆರೆಯುವುದು ಹಾರ್ತ್‌ಸ್ಟೋನನ್ನೇ. ಆ ಕಾರ್ಡು ಬೋರ್ಡಿನ ಮೇಲೆ ಧಪ್ಪನೆ ಬೀಳುವ ಸದ್ದಿಗೆ ಸಾಟಿಯಿಲ್ಲ. ಹೆಂಡತಿಗೂ ಆ ಸದ್ದು ಗೊತ್ತು, ಪಕ್ಕದ ಕೋಣೆಯಿಂದಲೇ ದೀಪ ಆರಿಸ್ರೀ ಎನ್ನುತ್ತಾಳೆ.

ಸದ್ಯ ನನ್ನ ಕೆಂಪು ಡೆಕ್ಕಿಗೆ ಬಿಳಿ ಸೇರಿಸುವ ವಿಚಾರ ಇದೆ. ಡೈರಿಯ ಹಿಂದಿನ ಪುಟದಲ್ಲಿ ಈಗ ಬೇರೆ ಪಟ್ಟಿ: ಎರಡು ತರಹದ ಲ್ಯಾಂಡ್, ತಲಾ ನಾಲ್ಕು ಪ್ರತಿ, ಒಟ್ಟು ಎಂಟು ರೇರ್. ಏಳು ವೈಲ್ಡ್‌ಕಾರ್ಡ್ ಕೂಡಿವೆ, ಎಂಟನೆಯದಕ್ಕೆ ಇನ್ನೆರಡು ಪ್ಯಾಕ್ ಒಡೆಯಬೇಕು. ಹುಡುಗ ಮೊನ್ನೆ ಬಂದವನು ನನ್ನ ಫೋನ್ ಕಸಿದು, ಈ ಏಳರಲ್ಲಿ ನಾಲ್ಕು ಹಾಕಿದರೆ ಎಂಥ ಕಾರ್ಡ್ ಬರುತ್ತದೆ ನೋಡ್ರೀ ಎಂದು ಒಂದು ರೇರ್ ತೋರಿಸಿದ. ಚಂದದ ಚಿತ್ರ. ರೆಕ್ಕೆ ಬೇರೆ ಇತ್ತು. ಫೋನ್ ವಾಪಸ್ ಇಸಿದುಕೊಂಡು ಚಾರ್ಜಿಗೆ ಹಚ್ಚಿದೆ.